ಮೈದುನನ ಮೂರು ಲಗ್ನ

ವಿಜ್ಞಾನವನ್ನು ನಂಬಿ ಬದುಕುವ ಮನುಷ್ಯನಿಗೆ ಸ್ವಂತ ಮನೆಯಲ್ಲಿ ಎಷ್ಟು ಮರ್ಯಾದೆ ಸಿಗುತ್ತದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಹೆಸರು ಅಶ್ವತ್ಥ, ಊರು ತುಮಕೂರು, ನೌಕರಿ ವಿಶಾಖಪಟ್ಟಣದ ಹೊರಗಿನ ಪರವಾಡದ ಒಂದು ಔಷಧ ಕಾರ್ಖಾನೆಯಲ್ಲಿ. ಮಾತ್ರೆ, ಟಾನಿಕ್ಕುಗಳನ್ನು ಶೀತಲ ಕೋಣೆಯಲ್ಲಿ ಕೂರಿಸಿ ಅವು ಎಷ್ಟು ಕಾಲ ಕೆಡದೆ ಉಳಿಯುತ್ತವೆಂದು ನೋಡುವುದು ನನ್ನ ವಿಭಾಗದ ಕೆಲಸ. ಪುರಾವೆ ಇಲ್ಲದಿದ್ದರೆ ಕೆಮ್ಮಿನ ಸಿರಪ್ಪನ್ನೂ ನಂಬದವನು ನಾನು. ಇಂಥ ನನ್ನ ಭವಿಷ್ಯವನ್ನು ಈ ವರ್ಷ ಒಂದು ಫ್ರಿಜ್ಜು ನಿರ್ಧರಿಸಿತು.

ಕಂಪನಿಯವರು ವಿಜಯವಾಡದಲ್ಲಿ ದೊಡ್ಡದೊಂದು ಶೀತಲ ಗೋದಾಮು ಕಟ್ಟಿ, ಅದರ ಹೊಣೆಯನ್ನು ನನಗೆ ವಹಿಸಿದರು. ಆಗಲೇ ವಾರದಲ್ಲಿ ಎರಡು ದಿನ ರೈಲು ಹತ್ತಿ ಅಲ್ಲಿಗೆ ಹೋಗಿ ಬರುತ್ತಿದ್ದೆ. ಇನ್ನು ಖಾಯಂ ಆಗಿ ಹೋಗಬೇಕು. ಪ್ರಶ್ನೆ ಒಂದೇ: ಎಂವಿಪಿ ಕಾಲೋನಿಯ ಮನೆ ಖಾಲಿ ಮಾಡಿ ಎಲ್ಲರೂ ಹೋಗುವುದೋ, ನಾನೊಬ್ಬನೇ ಹೋಗುವುದೋ? ಎಲ್ಲರೂ ಬರಲಿ ಎಂಬುದು ನನ್ನ ಪ್ರಾರ್ಥನೆ. (ಪ್ರಾರ್ಥನೆ ಎಂಬುದನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸಿದ್ದೇನೆ.) ನಾನು ಒಬ್ಬನೇ ಬದುಕಬಲ್ಲ ಪ್ರಾಣಿಯಲ್ಲ, ಹಾಲು ಉಕ್ಕುವುದನ್ನು ಎದುರಿಗೆ ನಿಂತು ನೋಡಿ, ಅದರ ಕಾರಣವನ್ನು ವಿವರಿಸಬಲ್ಲೆನೇ ಹೊರತು ಒಲೆ ಆರಿಸುವುದು ಹೊಳೆಯುವುದಿಲ್ಲ.

ನನ್ನ ಹೆಂಡತಿ ವಿಜಯಲಕ್ಷ್ಮೀ ಬಾಗಲಕೋಟೆಯವಳು. ಅವಳು ಯೋಚಿಸಿ ಹೇಳಿದಳು.

"ನಾ ಒಲ್ಲೆ ಅನ್ನಂಗಿಲ್ಲ, ಹೂಂ ಅನ್ನಂಗೂ ಇಲ್ಲ. ದುರ್ಗಾಭವಾನಿಯವರನ್ನ ಕೇಳೂಣು. ಅವರು ಹೋಗ್ರಿ ಅಂದ್ರ ಎಲ್ಲಾರೂ ಹೋಗೂಣು. ಬ್ಯಾಡ ಅಂದ್ರ ನೀವೊಬ್ಬರ ಹೋಗ್ರಿ."

ದುರ್ಗಾಭವಾನಿಯವರು ವಿಜಯವಾಡದ ಜೂನಿಯರ್ ಕಾಲೇಜೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಈಗ ಫೋನಿನಲ್ಲಿ ಜಾತಕ ನೋಡುತ್ತಾರೆ. ಗಣಿತದವರೇ ಹೀಗೆ ಪಕ್ಷಾಂತರ ಮಾಡಿದರೆ ನಮ್ಮಂಥವರ ಪಾಡೇನು?

"ನಾವು ಸಾಮಾನು ಸಾಗಿಸೋದರಲ್ಲಿ ಗ್ರಹಗಳಿಗೇನು ಆಸಕ್ತಿ ಕಣೇ?" ಎಂದೆ.

"ನಿಮಗರ ಎಲ್ಲೈತಿ ಆಸಕ್ತಿ? ಹೋದ ಸರ್ತಿ ಎಲ್ಲಾ ಕಟ್ಟಿದಾಕಿ ನಾನ. ನೀವು ಪುಸ್ತಕ ಓದ್ಕೋತ ಡಬ್ಬಿ ಮ್ಯಾಲೆ ಕುಂತಿದ್ರಿ."

ಆಗ ನನಗೊಂದು ಉಜ್ವಲ ವಿಚಾರ ಹೊಳೆಯಿತು. ಪ್ರಯೋಗ ಮಾಡಬೇಕು. ನನ್ನ ಜನ್ಮವಿವರದ ಬದಲು ಬೇರೊಂದರ ವಿವರ ಕಳಿಸಬೇಕು. ದುರ್ಗಾಭವಾನಿಯವರು ಅದನ್ನು ನನ್ನದೆಂದೇ ತಿಳಿದು ಒಂದಷ್ಟು ಹೇಳುತ್ತಾರೆ. ಆಮೇಲೆ ನಾನು ಪರದೆ ಸರಿಸಿ ಸತ್ಯವನ್ನು ತೋರಿಸಿದರೆ, ಜ್ಯೋತಿಷ್ಯದ ಬುಡವೇ ಅಲುಗಿ, ನಾಚಿದ ಹೆಂಡತಿ ಸಾಮಾನು ಕಟ್ಟತೊಡಗುತ್ತಾಳೆ.

ಯಾರ ವಿವರ ಕಳಿಸುವುದು? ಅಡಿಗೆಮನೆಯಿಂದ ಗುಂಯ್ ಎಂಬ ಸದ್ದು ಕೇಳಿಬಂತು.

ಅದು ನಮ್ಮ ಫ್ರಿಜ್ಜು. ನಾನು ಹುಟ್ಟಿದ ವರ್ಷವೇ ಆಯುಧಪೂಜೆಯ ದಿನ ನಮ್ಮಪ್ಪ ಅದನ್ನು ಕೊಂಡು ತಂದರು. ಮಂಜುಗಡ್ಡೆ ನೋಡಲು ಬೀದಿಗೆ ಬೀದಿಯೇ ಬಂದಿತ್ತಂತೆ. ನನ್ನನ್ನು ನೋಡಲು ಅಷ್ಟು ಜನ ಬಂದಿರಲಿಲ್ಲವೆಂದು ಅಮ್ಮ ಆಗಾಗ ನೆನಪಿಸುತ್ತಿದ್ದಳು. ಅಪ್ಪ ತೀರಿದ ಮೇಲೆ ಅದು ಲಾರಿ ಹತ್ತಿ ವಿಶಾಖಪಟ್ಟಣಕ್ಕೆ ನನ್ನ ಹಿಂದೆಯೇ ಬಂತು. ಮೈತುಂಬ ಸಮುದ್ರದ ಉಪ್ಪುಗಾಳಿಯ ತುಕ್ಕು. ಆದರೂ ನಿಂತಿಲ್ಲ. ನನಗಿಂತ ಕೆಲವು ತಿಂಗಳು ಚಿಕ್ಕದಾದ್ದರಿಂದ ವಿಜಯಲಕ್ಷ್ಮೀ ಅದನ್ನು 'ಮೈದುನ' ಎಂದು ಕರೆಯುತ್ತಾಳೆ. "ನಿಶ್ಚಿತಾ, ಮೈದುನನ ಬಾಗಲಾ ಹಾಕವ್ವಾ" ಎಂದು ಅವಳು ಮಗಳನ್ನು ಕೂಗಿದಾಗ ಹೊಸಬರು ಗಾಬರಿಯಾಗುವುದುಂಟು.

ಚಿಕ್ಕಂದಿನಲ್ಲಿ ನನ್ನನ್ನು ಕಾಡಿದ ಒಂದೇ ಒಂದು ಪ್ರಶ್ನೆಯೂ ಈ ಫ್ರಿಜ್ಜಿನದೇ. ಬಾಗಿಲು ತೆರೆದರೆ ಒಳಗೆ ದೀಪ ಹೊತ್ತುತ್ತದೆ. ಮುಚ್ಚಿದ ಮೇಲೆ ಆರುತ್ತದೆಯೇ? ಆರುವುದನ್ನು ಕಂಡವರು ಯಾರು?

ಹುಟ್ಟಿದ ದಿನವೇನೋ ಸಿಕ್ಕಿತು; ಹೊತ್ತು? ಕಾರ್ಖಾನೆಯಿಂದ ಹೊರಬಿದ್ದದ್ದೋ, ಮನೆ ಹೊಸಿಲು ದಾಟಿದ್ದೋ, ಕುಂಕುಮ ಹಚ್ಚಿ ಸ್ವಿಚ್ಚು ಹಾಕಿದಾಗ ಮೊದಲು ಗುಂಯ್ ಎಂದದ್ದೋ? ಮಗುವಿಗಾದರೆ ಮೊದಲ ಅಳು. ಹಾಗಾಗಿ ಮೊದಲ ಗುಂಯ್ ಎಂದು ತೀರ್ಮಾನಿಸಿ, ದೀಪ ಹಚ್ಚುವ ಹೊತ್ತು ಎಂದು ನನ್ನ ಫೋನಿನಿಂದಲೇ ಕಳಿಸಿದೆ. ಕಳಿಸುವ ಗುಂಡಿ ಒತ್ತಿದ ಕ್ಷಣದಲ್ಲಿ ಅಡಿಗೆಮನೆಯ ಗುಂಯ್ ನಿಂತಿತು. (ಒಳಗೆ ಸಾಕಷ್ಟು ತಣ್ಣಗಾದರೆ ಯಂತ್ರ ತಾನೇ ನಿಲ್ಲುತ್ತದೆ. ಇದು ಭೌತಶಾಸ್ತ್ರ.)

ಕಥೆ ಮುಂದುವರಿಯುವ ಮೊದಲು ಒಂದು ಮಾತು. ಲಗ್ನವೆಂದರೆ ಜ್ಯೋತಿಷ್ಯದಲ್ಲಿ ಹುಟ್ಟಿದ ಗಳಿಗೆಯಲ್ಲಿ ಪೂರ್ವ ದಿಗಂತದಲ್ಲಿ ಮೂಡುತ್ತಿರುವ ರಾಶಿ. ಕುಂಡಲಿಯ ಮನೆಗಳನ್ನು ಅಲ್ಲಿಂದ ಎಣಿಸುತ್ತಾರೆ. ನನ್ನ ಹೆಂಡತಿಯ ಊರಿನಲ್ಲಿ ಲಗ್ನವೆಂದರೆ ಮದುವೆ. ಬರೀ ಮದುವೆ. ಇದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಹೊತ್ತಿಗೆ ಒದಗುವುದು ಬೇರೆ.

ಮರುದಿನ ಸಂಜೆ ದುರ್ಗಾಭವಾನಿಯವರು ಫೋನ್ ಮಾಡಿದರು. ಸ್ಪೀಕರ್ ಹಾಕಿ ಮೂವರೂ ಸುತ್ತ ಕುಳಿತೆವು. ವಿಜಯಲಕ್ಷ್ಮೀಗೆ ತರಕಾರಿ ಕೊಳ್ಳುವಷ್ಟು ತೆಲುಗು ಬರುತ್ತದೆ. ಗ್ರಹಗಳ ತೆಲುಗು ಬರುವುದಿಲ್ಲ. ಆದ್ದರಿಂದ ಇಲ್ಲೇ ಬೆಳೆದ, ಕನ್ನಡಕ್ಕಿಂತ ತೆಲುಗೇ ಸಲೀಸಾದ ನಿಶ್ಚಿತಾ ಅವರ ಮಾತನ್ನು ಕನ್ನಡಕ್ಕೆ ತರುತ್ತಿದ್ದಳು.

ಆಚೆಯ ದನಿ ಬಹಳ ಮೆಲ್ಲಗಿತ್ತು. ಪಾಠ ಹೇಳುವವರ ದನಿಯಲ್ಲ. ಬಾವಿಯೊಳಗೆ ಬಗ್ಗಿ ನೋಡುತ್ತಾ ಕಂಡದ್ದನ್ನು ಹೇಳುವವರ ದನಿ.

"ಅಮ್ಮಾ, ಈ ಜಾತಕದಲ್ಲಿ ತಾಯಿ ಜಾಗ ಖಾಲಿಯಂತೆ," ಎಂದಳು ನಿಶ್ಚಿತಾ. "ಪುಟ್ಟಿದ ಹಂಗೆ, ಅಂದ್ರೆ ಹುಟ್ಟಿದ ಹಂಗೆ, ಇಲ್ಲವಂತೆ. ಯಾರೋ ತಂದು ಇಟ್ಟಂಗೆ ಇದೆಯಂತೆ."

ನಾನು ಅಡಿಗೆಮನೆಯತ್ತ ತಿರುಗಿ ನೋಡಿದೆ.

"ನಮ್ಮತ್ತಿಯವರೂ ಹಂಗ ಅಂತಿದ್ರು," ಎಂದಳು ವಿಜಯಲಕ್ಷ್ಮೀ. "ಇಂವಾ ನಮ್ಮ ಮನಿತನದಾಗ ಯಾರ ಹಾಂಗೂ ಇಲ್ಲ ಅಂತ."

"ಒಳಗೆಲ್ಲ ಚಳಿ, ಚೀಕಟಿಯಂತೆ. ಅಂದ್ರೆ ಕತ್ತಲು. ಯಾರಾದ್ರೂ ಬಂದಾಗ ಮಾತ್ರ ಒಳಗೆ ಬೆಳಕು. ಬಂದವರು ತಮಗೆ ಬೇಕಾದ್ದು ತಗೊಂಡು ಹೋಗ್ತಾರಂತೆ. ಆಮೇಲೆ ಮತ್ತೆ ಚೀಕಟಿ."

ವಿಜಯಲಕ್ಷ್ಮೀ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಷ್ಟು ವರ್ಷ ಸಂಸಾರ ಮಾಡಿ ನನಗ ಹೇಳಾಕ ಬರಲಾರದ್ದನ್ನ ಆ ತಾಯಿ ಒಂದ ಮಾತಿನಾಗ ಹೇಳಿಬಿಟ್ರು."

ಯಾರಿಗೆ ಬೇಕಾದರೂ ಒಪ್ಪುವ ಮಾತನ್ನು ಪ್ರತಿಯೊಬ್ಬನೂ ತನ್ನದೇ ಎಂದುಕೊಳ್ಳುತ್ತಾನೆಂದು ಮನಶ್ಶಾಸ್ತ್ರಜ್ಞರು ಎಂದೋ ತೋರಿಸಿಕೊಟ್ಟಿದ್ದಾರೆ. ಆ ಪ್ರಯೋಗಗಳನ್ನು ನಾನು ಓದಿದ್ದೇನೆ. ಆದರೆ ಯಾವ ಪ್ರಯೋಗದಲ್ಲೂ ಮಾತು ನಿಜವಾಗಿ ಫ್ರಿಜ್ಜಿಗೆ ಒಪ್ಪಿರಲಿಲ್ಲ.

ಅಷ್ಟರಲ್ಲಿ ಅಡಿಗೆಮನೆಯಲ್ಲಿ ಮೈದುನ ಒಮ್ಮೆ ಮೈ ನಡುಗಿಸಿ ಸುಮ್ಮನಾದ. ಫೋನಿನ ಆಚೆ ದುರ್ಗಾಭವಾನಿಯವರೂ ಸುಮ್ಮನಾದರು. ಬಳಿಕ ಕೇಳಿದರು: "ಅಶ್ವತ್ಥಗಾರು, ಇಷ್ಟು ಹೊತ್ತೂ ನಿಮ್ಮ ಮನೆಯಲ್ಲಿ ಯಾರೋ ಗುನುಗುತ್ತಿದ್ದರು. ಈಗ ಯಾಕೆ ನಿಲ್ಲಿಸಿದರು?"

"ಯಾರೂ ಇಲ್ಲ ಅಂಡಿ," ಎಂದೆ. (ತೆಲುಗಿನ 'ಅಂಡಿ' ಎಂದರೆ ನಮ್ಮ 'ರೀ'.)

"ಹುಟ್ಟಿದ ಹೊತ್ತು ಖಚಿತವೇ?" ಎಂದು ಅವರು ಮುಂದುವರಿಸಿದರು. "ಉದಯ ಲಗ್ನ ಬೇಗ ಬದಲಾಗುತ್ತದೆ. ಹೊತ್ತು ತಪ್ಪಾದರೆ ನಾನು ಹೇಳಿದ್ದೆಲ್ಲ ಬೇರೆ ಯಾರದೋ ಬದುಕಾಗಿಬಿಡುತ್ತದೆ. ಉಳಿದ ಲಗ್ನಗಳಿಂದಲೂ ನೋಡಿ ಹೇಳುತ್ತೇನೆ."

ಆ ದಿನದಿಂದ ನಾನು ಮೈದುನನ ಮೇಲೆ ಕಣ್ಣಿಟ್ಟೆ. ನಾನು ಮಾತನಾಡಿದರೆ ಅವನು ಸುಮ್ಮನಾಗುತ್ತಿದ್ದ. ನಾನು ಸುಮ್ಮನಾದರೆ ಗುನುಗುತ್ತಿದ್ದ. ಮಧ್ಯಾಹ್ನ ಯಾರೂ ಇಲ್ಲದಾಗ ಬಾಗಿಲು ತಾನಾಗಿ ಬೆರಳಗಲ ತೆರೆದುಕೊಳ್ಳುತ್ತಿತ್ತು. (ಅಂಚಿನ ರಬ್ಬರು ಸವೆದಿತ್ತು.) ಆ ಸಂದಿಯಿಂದ ಹಳದಿ ಬೆಳಕಿನ ಒಂದು ಗೀರು ನೆಲದ ಮೇಲೆ ಬಿದ್ದಿರುತ್ತಿತ್ತು. ಒಂದು ಸಲ ನಾನು ಮೊಣಕಾಲೂರಿ, ಬಾಗಿಲನ್ನು ನಿಧಾನವಾಗಿ ಒತ್ತುತ್ತಾ, ದೀಪ ಯಾವ ಗಳಿಗೆಯಲ್ಲಿ ಆರುತ್ತದೆಂದು ಸಂದಿಯಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ. ಹಾಗೆಯೇ "ಯಾರೋ ನೀನು?" ಎಂದು ಕೇಳಿಯೂ ಬಿಟ್ಟೆ. ತಿರುಗಿ ನೋಡಿದರೆ ಅಡಿಗೆಮನೆಯ ಬಾಗಿಲಲ್ಲಿ ವಿಜಯಲಕ್ಷ್ಮೀ.

"ಯಾರ ಕೂಡ ಮಾತಾಡಾಕತ್ತೀರಿ?"

"ಯಾರ ಜೊತೆಗೂ ಇಲ್ಲ."

ತಪ್ಪು ಮಾಡಿದ ಗಂಡಸರೆಲ್ಲರೂ ಕೊಡುವ ಉತ್ತರ ಇದೇ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಆ ವಾರ ವಿಜಯವಾಡದಲ್ಲಿದ್ದಾಗ ದುರ್ಗಾಭವಾನಿಯವರು ನನಗೇ ಫೋನ್ ಮಾಡಿದರು. ನಾನು ಹೊಸ ಗೋದಾಮಿನ ಶೀತಲ ಕೋಣೆಯಲ್ಲಿ ಒಬ್ಬನೇ ನಿಂತಿದ್ದೆ. ಬಾಯಿಂದ ಹೊಗೆಯಂತೆ ಉಸಿರು ಬರುತ್ತಿತ್ತು.

"ನಿಮ್ಮ ಉದಯ ಲಗ್ನವನ್ನು ಬಿಟ್ಟುಬಿಟ್ಟೆ ಅಂಡಿ, ಹೊತ್ತಿನ ಮೇಲೆ ನಂಬಿಕೆ ಬರಲಿಲ್ಲ. ಚಂದ್ರ ಇರುವ ರಾಶಿಯನ್ನೇ ಲಗ್ನ ಮಾಡಿಕೊಂಡು ನೋಡಿದೆ. ಚಂದ್ರ ಮಕರದಲ್ಲಿ, ಶನಿಯ ಮನೆಯಲ್ಲಿ; ಬರೀ ಶೀತ. ಸೂರ್ಯ ಇರುವ ರಾಶಿಯಿಂದಲೂ ನೋಡಿದೆ. ಮೂರರಿಂದಲೂ ಒಂದೇ ಫಲ ಬಂದರೆ ಅದು ತಪ್ಪುವುದಿಲ್ಲವೆಂದು ನಮ್ಮ ಹಿರಿಯರ ಮಾತು. ಯಾವ ಬಾಗಿಲಿನಿಂದ ಹೋದರೂ ಒಳಗೆ ಅದೇ ಕೂತಿದೆ. ತಣ್ಣಗೆ, ಒಂದೇ ಕಡೆ ನಿಂತುಕೊಂಡಿದೆ. ಈ ಜಾತಕರು ಜಾಗ ಬದಲಿಸಬಾರದು. ಬದಲಿಸಿದರೆ ಮೌನ. ಮನೆಗೂ ಹೇಳಿದ್ದೇನೆ."

ಶೀತಲ ಕೋಣೆಯಿಂದ ನಾನು ಹೊರಗೆ ಓಡಿದೆನೆಂದು ಅಲ್ಲಿಯ ಸಿಬ್ಬಂದಿ ಹೇಳುತ್ತಾರೆ. ನಾನು ಬೇಗ ಬೇಗ ನಡೆದೆ, ಅಷ್ಟೆ.

ಅವರು ಮನೆಗೆ ಹೇಳಿದ್ದನ್ನು ನಿಶ್ಚಿತಾ ತಾಯಿಗೆ ಹೇಗೆ ದಾಟಿಸಿದ್ದಳೆಂಬುದು ಇಲ್ಲಿದೆ. ಅದು ನನ್ನ ಕಿವಿಗೆ ಬೀಳುವ ಹೊತ್ತಿಗೆ ಆಗಬೇಕಾದದ್ದೆಲ್ಲ ಆಗಿಹೋಗಿತ್ತು: "ಅಮ್ಮಾ, ಅಪ್ಪಂಗೆ ಮೂರು ಲಗ್ನವಂತೆ. ಮೊದಲನೇ ಲಗ್ನ ನಂಬೋ ಹಂಗಿಲ್ಲ, ಅದನ್ನ ಬಿಟ್ಟುಬಿಟ್ಟರಂತೆ. ಎರಡನೇದು ಚಂದ್ರ. ಅದು ಗಟ್ಟಿಯಂತೆ."

ನಾನು ವಿಶಾಖಪಟ್ಟಣಕ್ಕೆ ಮರಳಿದಾಗ ಮನೆಯಲ್ಲಿ ಟಿವಿಯ ಸದ್ದಿರಲಿಲ್ಲ, ಕುಕ್ಕರಿನ ಸದ್ದಿರಲಿಲ್ಲ. ಮೈದುನ ಮಾತ್ರ ಗುನುಗುತ್ತಿದ್ದ. ವಿಜಯಲಕ್ಷ್ಮೀ ಮಾತಿಲ್ಲದೆ ತಟ್ಟೆ ಹಾಕಿದಳು. ನನ್ನ ತಟ್ಟೆಯ ಅಕ್ಕಪಕ್ಕದಲ್ಲಿ ಇನ್ನೆರಡು ಖಾಲಿ ತಟ್ಟೆ.

"ನೀವಿಬ್ಬರೂ ಕೂತ್ಕೋತೀರಾ?"

"ನಾವು ಉಂಡೀವಿ."

"ಮತ್ತೆ ಇವು ಯಾರಿಗೆ?"

"ಉಳದೋರಿಗೆ," ಎಂದು ಅವಳು ಎರಡೂ ತಟ್ಟೆಗೆ ರೊಟ್ಟಿ ಹಾಕಿದಳು.

ನಾನು ಖಾಲಿ ಕುರ್ಚಿಗಳನ್ನು ನೋಡಿದೆ. ಸಂಜೆಯ ಗಾಳಿಗೆ ಪರದೆ ಉಬ್ಬಿ, ಯಾರೋ ಹಿಂದೆ ನಿಂತಂತೆ ಕಂಡು, ಮತ್ತೆ ಗೋಡೆಗೆ ಅಂಟಿತು. ಅರ್ಧ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟೆ. ಕೈತೊಳೆಯಲು ಎದ್ದಾಗ ನಿಶ್ಚಿತಾ ಪಿಸುಗುಟ್ಟಿದಳು: "ಅಪ್ಪಾ, ಅಮ್ಮ ನಿನ್ನೆಯಿಂದ ಏಡುಸ್ತಾನೇ ಇದ್ದಾಳೆ." (ಅಳುತ್ತಲೇ ಇದ್ದಾಳೆ ಎಂದರ್ಥ. ಅಳುವಂಥ ಮಾತುಗಳೆಲ್ಲ ನನ್ನ ಮಗಳಿಗೆ ತೆಲುಗಿನಲ್ಲೇ ಬರುತ್ತವೆ.) "ಸೂಟ್‌ಕೇಸಲ್ಲಿ ನಿನ್ನ ಬಟ್ಟೆ ಸರ್ದುತಿದ್ದಾಳೆ, ಅಂದ್ರೆ ಜೋಡಿಸ್ತಿದ್ದಾಳೆ."

ವಿಜಯಲಕ್ಷ್ಮೀ ಒಣಗಿದ ಬಟ್ಟೆ ತರಲು ತಾರಸಿಗೆ ಹೋಗಿದ್ದಳು. ನಾನೂ ಹತ್ತಿದೆ. ಕಟ್ಟಡಗಳ ನಡುವೆ ಸಮುದ್ರದ ಒಂದು ತುಂಡು, ಅದರ ಅಂಚಿನಿಂದ ದೊಡ್ಡದಾಗಿ, ಕೆಂಪಗೆ, ಹುಣ್ಣಿಮೆಯ ಚಂದ್ರ ಮೇಲೇಳುತ್ತಿತ್ತು. ಅವಳು ನನಗೆ ಬೆನ್ನು ಹಾಕಿ ಅದನ್ನೇ ನೋಡುತ್ತಿದ್ದಳು. ಬಿಚ್ಚಿದ ಕೂದಲು ಗಾಳಿಗೆ ಹಾರುತ್ತಿತ್ತು.

"ಬಂದಾಳ ನೋಡ್ರಿ ನಿಮ್ಮ ಚಂದ್ರಾ," ಎಂದಳು, ತಿರುಗದೆ. "ಹೋಗ್ರಿ. ಕಾಯಿಸಬ್ಯಾಡ್ರಿ."

ನಾನು ನೀರಿನ ಟ್ಯಾಂಕನ್ನು ಹಿಡಿದುಕೊಂಡೆ. ಒಂದು ಫ್ರಿಜ್ಜಿನ ಜಾತಕ ತೆರೆದು, ತೆರೆಯಬಾರದ ಇನ್ನಾವುದನ್ನೋ ತೆರೆದೆನೆಂದೂ, ಅದು ಅಡಿಗೆಮನೆಯಿಂದ ಹೊರಟು ನನ್ನ ಹೆಂಡತಿಯ ಮೈಮೇಲೆ ಬಂದಿದೆಯೆಂದೂ ನಾನು, ವಿಜ್ಞಾನದ ವಿದ್ಯಾರ್ಥಿ, ಮನಸಾರೆ ನಂಬಿದೆ.

"ವಿಜಯಾ," ಎಂದೆ ಮೆಲ್ಲಗೆ, "ಏನಾಗಿದೆ ನಿನಗೆ?"

"ನನಗೇನಾಗೇತಿ? ಆಗಿದ್ದೆಲ್ಲಾ ನಿಮಗ. ಮೂರು ಲಗ್ನ."

ಅಬ್ಬಾ. ಬರೀ ಜ್ಯೋತಿಷ್ಯ. ಹೋದ ಜೀವ ಬಂದಂತಾಗಿ ನಾನು ವಿವರಣೆಗೆ ತೊಡಗಿದೆ.

"ಅಷ್ಟೇ ತಾನೇ? ಪ್ರತಿಯೊಬ್ಬರಿಗೂ ಮೂರು ಲಗ್ನ ಇರುತ್ತೆ ಕಣೇ. ನಿನಗೂ ಇದೆ."

ಅವಳು ತಿರುಗಿದಳು. ಅವಳ ಕಣ್ಣಿನಲ್ಲಿ ಎರಡು ಕೆಂಪು ಚಂದ್ರರಿದ್ದರು. "ನನಗ?"

"ನಿಮ್ಮಪ್ಪನಿಗೂ ಇತ್ತು."

"ನಮ್ಮಪ್ಪಗ?"

"ಇದರಲ್ಲಿ ನಾಚಿಕೆ ಏನು? ಹುಟ್ಟಿದ ಗಳಿಗೆಯಲ್ಲೇ ಆಗಿಹೋಗುತ್ತೆ. ನಾವು ಯಾವುದನ್ನ ಬಳಸ್ತೀವಿ ಅನ್ನೋದಷ್ಟೇ ಪ್ರಶ್ನೆ. ಮೊದಲನೇದು ಅಷ್ಟು ಭರವಸೆಯದಲ್ಲ. ಎಷ್ಟೋ ಜನ ಎರಡನೇದೇ ವಾಸಿ ಅಂತಾರೆ."

"ಹೌದ್ರಿ. ಮೊದಲನೇದು ಹಳೇದಾತಲ್ಲ," ಎಂದಳು ಅವಳು. ದನಿ ಬಹಳ ಶಾಂತವಾಗಿತ್ತು. "ಆ ಚಂದ್ರಾಗ ಮಕ್ಕಳೆಷ್ಟು? ಇಜಯವಾಡದಾಗ ಮನಿ ಮಾಡಿಕೊಟ್ಟೀರೇನು? ನಮ್ಮ ಲಗ್ನದಾಗ ಐದು ಸುತ್ತು ಅಕ್ಕಿಕಾಳು ಬಿದ್ದಿತ್ತು, ಅಕೀದ್ರಾಗ ಎಷ್ಟು ಬಿತ್ತು?"

ನಮ್ಮ ಲಗ್ನ. ಅಕ್ಕಿಕಾಳು, ಅಂದರೆ ಅಕ್ಷತೆ. ಬಾಗಲಕೋಟೆ.

ಸಮುದ್ರದ ಗಾಳಿ ನಿಂತಂತಾಯಿತು. ನನ್ನ ಬಾಯಿಂದ ಆಗ ಹೊರಬಿದ್ದ ಮಾತನ್ನು ನಾನು ಇನ್ನಷ್ಟು ಯೋಚಿಸಿ ಆಡಬಹುದಿತ್ತು.

"ಆ ಮೂರು ಲಗ್ನ ನನ್ನವಲ್ಲ ಕಣೇ. ಮೈದುನನವು."

ಅವಳು ಬಟ್ಟೆಯ ಬಕೆಟ್ಟಿನ ಮೇಲೆ ಕುಳಿತು, "ಸಾವಕಾಶ ಹೇಳ್ರಿ," ಎಂದಳು. ನಾನು ಸಾವಕಾಶವಾಗಿ ಹೇಳಿದೆ. ಆಯುಧಪೂಜೆ, ಮೊದಲ ಗುಂಯ್, ಉದಯ, ಚಂದ್ರ, ಸೂರ್ಯ, ಎಲ್ಲವನ್ನೂ. ಅವಳು ಮೊದಲು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ. ಭುಜಗಳು ಕುಲುಕುತ್ತಿದ್ದುದು ನಗುವಿನಿಂದ.

ವಿಜ್ಞಾನ ಗೆದ್ದಿತೆಂದು ನಾನು ಎದೆಯುಬ್ಬಿಸಿದೆ. "ಈಗ ಗೊತ್ತಾಯ್ತಲ್ಲ ಇದೆಲ್ಲ ಬೂಟಾಟಿಕೆ ಅಂತ. ಭಾನುವಾರದಿಂದ ಸಾಮಾನು ಕಟ್ಟೋಣ."

ಅವಳು ಉತ್ತರಿಸದೆ ಕೆಳಗಿಳಿದು ದುರ್ಗಾಭವಾನಿಯವರಿಗೆ ಫೋನ್ ಹಚ್ಚಿ, ನಿಶ್ಚಿತಾಳ ಬಾಯಿಂದ ಎಲ್ಲವನ್ನೂ ಹೇಳಿಸಿದಳು. ಅವರು ಬೈಯುತ್ತಾರೆಂದು ನಾನು ದೂರ ನಿಂತಿದ್ದೆ. ಅವರು ಬೈಯಲಿಲ್ಲ.

"ಹೊತ್ತು ಹೇಳಿದರೆ ಯಾವುದಕ್ಕಾದರೂ ಲಗ್ನ ಬರುತ್ತದೆ ಅಂಡಿ," ಎಂದರು. "ನಾನು ಹೇಳಿದ್ದರಲ್ಲಿ ತಪ್ಪಾದದ್ದು ಯಾವುದೆಂದು ಅಶ್ವತ್ಥಗಾರು ಹೇಳಲಿ. ತಿದ್ದಿಕೊಳ್ಳುತ್ತೇನೆ."

ತಾಯಿಯಿಲ್ಲ. ಯಾರೋ ತಂದಿಟ್ಟದ್ದು. ಒಳಗೆ ಚಳಿ, ಕತ್ತಲು, ತೆರೆದಾಗ ಬೆಳಕು. ಬೆರಳು ಮಡಿಸಿ ಎಣಿಸಿ ನೋಡಿದೆ; ಒಂದೂ ತಪ್ಪಿರಲಿಲ್ಲ.

"ಹಂಗಾರ ಇನ್ನೇನು," ಎಂದಳು ವಿಜಯಲಕ್ಷ್ಮೀ. "ನೀವು ಕೇಳಿದ್ದು ಮೈದುನಂದು, ಉತ್ತರ ಬಂದಿದ್ದೂ ಮೈದುನಂದು. ಅಂವಾ ಜಾಗಾ ಬಿಡಬಾರದು. ರಿಪೇರಿಯವನೂ ಇದನ್ನ ಅಂದಿದ್ದ, ಇನ್ನೊಂದ್ ಸರ್ತಿ ಲಾರಿ ಹತ್ತಿಸಿದ್ರ ಉಳಿಯಂಗಿಲ್ಲ ಅಂತ. ಮಾವನವರ ಕೈಲೆ ಬಂದಂವನ್ನ ಬಿಟ್ಟು ನಾ ಎಲ್ಲಿ ಹೋಗಲಿ? ನಾವು ಮೂರೂ ಮಂದಿ ಇಲ್ಲೇ ಇರ್ತೀವಿ. ನಿಮ್ಮ ಸೂಟ್‌ಕೇಸ್ ಹೆಂಗೂ ಕಟ್ಟೇತಿ."

"ಹಾಗಾದರೆ ನನ್ನ ನಿಜವಾದ ಜಾತಕ ನೋಡಿಸೋಣ," ಎಂದೆ. ವಿಜ್ಞಾನಕ್ಕೆ ಮುಡಿಪಾದ ಬಾಳಿನಲ್ಲಿ ಇಂಥದೊಂದು ವಾಕ್ಯವನ್ನು ಆಡುವೆನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ಯಾಕ್ರಿ? ಬೂಟಾಟಿಕಿ ಅಂದ್ರೆಲ್ಲಾ ಈಗ."

ಹಾಗೆ ನಾನು ವಿಜಯವಾಡಕ್ಕೆ ಬಂದೆ. ಕಂಪನಿಯ ಅತಿಥಿಗೃಹದಲ್ಲಿ ನನಗೊಂದು ಕೋಣೆ. ಕಿಟಕಿ ತೆರೆಯುವುದಿಲ್ಲ, ಎ.ಸಿ. ನಿಲ್ಲುವುದಿಲ್ಲ. ವಿದ್ಯುತ್ ಉಳಿಸಲೆಂದು ಬಾಗಿಲು ತೆರೆದರೆ ತಾನೇ ಹೊತ್ತುವ, ಮುಚ್ಚಿದರೆ ತಾನೇ ಆರುವ ದೀಪ ಹಾಕಿದ್ದಾರೆ. ಅಡಿಗೆಯ ಅಣ್ಣಪ್ಪ ಬಳ್ಳಾರಿಯವನು. ದಿನಾ ಸಂಜೆ ಬಾಗಿಲು ತೆರೆದು, ಡಬ್ಬಿ ಒಳಗಿಟ್ಟು, ನಿನ್ನೆಯ ಸಾರು ಹಳಸಿಲ್ಲವೆಂದು ಖಾತ್ರಿ ಮಾಡಿಕೊಳ್ಳುವವನಂತೆ ಒಂದು ಕ್ಷಣ ನನ್ನ ಮುಖ ನೋಡಿ, ಬಾಗಿಲು ಮುಚ್ಚಿ ಹೋಗುತ್ತಾನೆ.

ನಿನ್ನೆ ಮನೆಗೆ ಫೋನ್ ಮಾಡಿ ಮೈದುನನ ಯೋಗಕ್ಷೇಮ ಕೇಳಿದೆ.

"ಆರಾಮ ಅದಾನ. ನೀವು ಹೋದ ಮ್ಯಾಲೆ ಭಾಳ ಗೆಲುವಾಗ್ಯಾನ," ಎಂದಳು ವಿಜಯಲಕ್ಷ್ಮೀ. ಆಮೇಲೆ ದನಿ ತಗ್ಗಿಸಿದಳು. "ಅದೇನ್ರಿ ಸಪ್ಪಳ? ಅಲ್ಲೆ ಯಾರೋ ಗುನುಗಾಕತ್ತಾರಲ್ಲ?"

"ಯಾರೂ ಇಲ್ಲ," ಎಂದೆ. ಬಾಯಿ ತೆರೆದೊಡನೆ ಸಪ್ಪಳ ನಿಂತಿತು.

ಆಗಲೇ ಅ‍ಣ್ಣಪ್ಪ ಬಂದು, ಡಬ್ಬಿಯಿಟ್ಟು, ನನ್ನನ್ನು ನೋಡಿ, ಬಾಗಿಲು ಎಳೆದುಕೊಂಡ. ಚಿಕ್ಕಂದಿನಿಂದ ನನ್ನನ್ನು ಕಾಡಿದ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿದೆ. ಬಾಗಿಲು ಮುಚ್ಚಿದ ಮೇಲೆ ಒಳಗಿನ ದೀಪ ಆರುತ್ತದೆ. ಒಳಗಿದ್ದು ನೋಡಿದ್ದೇನೆ.